ಕಣ್ಣಿನ ಒತ್ತಡದ ಏರಿಳಿತ: ಗ್ಲಾಕೋಮಾ ಚಿಕಿತ್ಸೆಯಲ್ಲಿರುವವರಿಗೆ ಕೆಲವು ಮಾತುಗಳು

(ಶತಮಾನೋತ್ಸವದ ಅಂಗವಾಗಿ ನಡೆದ ಆರೋಗ್ಯ ಸಭೆಯಲ್ಲಿ ಧರ್ಮಕೇಂದ್ರದ ಗುರುಗಳು ಮಾಡಿದ ಭಾಷಣ)



ಈ ಶತಮಾನೋತ್ಸವದ ವರ್ಷದಲ್ಲಿ ನಮ್ಮ ಪೂರ್ವಿಕರ ವಿಶ್ವಾಸವನ್ನು ಕುರಿತು, ದೇವಾಲಯವನ್ನು ಕಟ್ಟಿದವರ ಶ್ರಮವನ್ನು ಕುರಿತು ಬಲ್ಲವರು ಈಗಾಗಲೇ ಮಾತನಾಡಿದ್ದಾರೆ. ನಮಗೆ ಗೊತ್ತುಪಡಿಸಿರುವ ವಿಷಯ ಬೇರೆ. ಗ್ಲಾಕೋಮಾ ಎಂಬ ಕಣ್ಣಿನ ರೋಗಕ್ಕೆ ಔಷಧ ಹಾಕಿಕೊಳ್ಳುತ್ತಿರುವವರಲ್ಲಿ ಕಣ್ಣಿನ ಒತ್ತಡವು ಹೊತ್ತು ಹೊತ್ತಿಗೆ ಏರುವುದು, ಇಳಿಯುವುದು ಏಕೆ, ಅದನ್ನು ಹೇಗೆ ಅರ್ಥಮಾಡಿಕೊಳ್ಳಬೇಕು ಎಂಬುದು ಇಂದಿನ ವಿಷಯವಾಗಿದೆ.

ನಾವು ವೈದ್ಯರಲ್ಲ. ಆದರೆ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಈ ನಾಲ್ಕು ತಾಲ್ಲೂಕುಗಳಲ್ಲಿ ಹರಡಿಕೊಂಡಿರುವ ನಮ್ಮ ಕುಟುಂಬಗಳ ಹಿರಿಯರು ಕಣ್ಣಿನ ಆಸ್ಪತ್ರೆಯಿಂದ ಹಿಂದಿರುಗಿದ ಮೇಲೆ ಕೈಯಲ್ಲಿ ಚೀಟಿ ಹಿಡಿದು ಗುರುನಿವಾಸದ ಜಗಲಿಗೆ ಬರುವುದು ಮೊದಲಿನಿಂದ ನಡೆದು ಬಂದ ವಾಡಿಕೆ. "ಸ್ವಾಮಿ, ಇದರಲ್ಲಿ ಏನು ಬರೆದಿದ್ದಾರೆ ಸ್ವಲ್ಪ ನೋಡಿ ಹೇಳಿ" ಎನ್ನುತ್ತಾರೆ. ಆ ಚೀಟಿಯಲ್ಲಿ ಬಲಗಣ್ಣಿಗೆ ಒಂದು, ಎಡಗಣ್ಣಿಗೆ ಒಂದು, ಹೀಗೆ ಎರಡು ಅಂಕೆಗಳಿರುತ್ತವೆ. ಕೆಲವೊಮ್ಮೆ 16 ಮತ್ತು 18, ಕೆಲವೊಮ್ಮೆ 24 ಮತ್ತು 28. ಅಂಕೆ ಚಿಕ್ಕದಾಗಿದ್ದರೆ ಮುಖವರಳುತ್ತದೆ, ದೊಡ್ಡದಾಗಿದ್ದರೆ ಬಾಡುತ್ತದೆ. ಈ ಅಂಕೆಗಳನ್ನು ಓದಿ ಹೇಳುತ್ತ, ತಿಳಿದ ವೈದ್ಯರನ್ನು ವಿಚಾರಿಸುತ್ತ, ಪುಸ್ತಕಗಳನ್ನು ನೋಡುತ್ತ ನಾವು ಕಲಿತದ್ದನ್ನು ನಿಮ್ಮ ಮುಂದಿಡುತ್ತೇವೆ.

ಮೊದಲು ಒಂದು ಗೊಂದಲವನ್ನು ಬಿಡಿಸಬೇಕಾಗಿದೆ. ನಮ್ಮ ಜನರು 'ಪ್ರೆಶರ್' ಎಂಬ ಒಂದೇ ಮಾತನ್ನು ರಕ್ತದ ಒತ್ತಡಕ್ಕೂ ಕಣ್ಣಿನ ಒತ್ತಡಕ್ಕೂ ಬಳಸುತ್ತಾರೆ. "ಬಿ.ಪಿ. ಮಾತ್ರೆ ನುಂಗುತ್ತಿದ್ದೇನಲ್ಲ, ಕಣ್ಣಿಗೂ ಅದೇ ಸಾಕಲ್ಲವೆ?" ಎಂದು ಕೇಳಿದವರು ಒಬ್ಬಿಬ್ಬರಲ್ಲ. ಇವೆರಡೂ ಬೇರೆ ಬೇರೆ. ತೋಳಿಗೆ ಪಟ್ಟಿ ಕಟ್ಟಿ ಅಳೆಯುವುದು ರಕ್ತದ ಒತ್ತಡ. ಕಣ್ಣಿನ ಗುಡ್ಡೆಯ ಮೇಲೆಯೇ ಅಳೆಯುವುದು ಕಣ್ಣಿನ ಒತ್ತಡ. ಒಂದು ಹತೋಟಿಯಲ್ಲಿದ್ದ ಮಾತ್ರಕ್ಕೆ ಇನ್ನೊಂದು ಹತೋಟಿಯಲ್ಲಿದೆ ಎಂದು ತಿಳಿಯಲಾಗದು.

ಕಣ್ಣಿನ ಮುಂಭಾಗದಲ್ಲಿ ಒಂದು ಬಗೆಯ ತಿಳಿನೀರು ಹಗಲೂ ಇರುಳೂ ಉತ್ಪತ್ತಿಯಾಗುತ್ತಲೇ ಇರುತ್ತದೆ. ಇದು ಅಳುವಾಗ ಸುರಿಯುವ ಕಣ್ಣೀರಲ್ಲ. ಗುಡ್ಡೆಯ ಒಳಗೇ ಹುಟ್ಟಿ ಒಳಗೇ ಹರಿಯುವ ನೀರು. ಇದರ ಪ್ರಮಾಣ ಅತ್ಯಲ್ಪ. ಒಂದು ಮಿಲಿಲೀಟರನ್ನು ಸಾವಿರ ಪಾಲು ಮಾಡಿದರೆ ಅದರಲ್ಲಿ ಎರಡು ಅಥವಾ ಎರಡೂವರೆ ಪಾಲಿನಷ್ಟು ನೀರು ಹಗಲಿನಲ್ಲಿ ನಿಮಿಷಕ್ಕೊಮ್ಮೆ ಹುಟ್ಟುತ್ತದೆ. ಹುಟ್ಟಿದ ನೀರು ಕಪ್ಪುಗುಡ್ಡೆಯ ಅಂಚಿನಲ್ಲಿರುವ ಅತಿ ಸೂಕ್ಷ್ಮವಾದ ಜಾಲರಿಯ ಮೂಲಕ ಸೋಸಿ ಹೋಗಿ ರಕ್ತವನ್ನು ಸೇರುತ್ತದೆ. ನಮ್ಮ ಕಡೆಯ ಕೆರೆಗಳನ್ನು ಕಂಡವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಒಳಹರಿವು ಎಂದಿನಂತಿದ್ದು ತೂಬಿಗೆ ಹೂಳು ಕಟ್ಟಿಕೊಂಡರೆ ನೀರಿನ ಮಟ್ಟ ಏರುತ್ತದೆ. ಕಣ್ಣಿನಲ್ಲಿ ಹೀಗೆ ಏರಿದ ಒತ್ತಡವು ಗುಡ್ಡೆಯ ಹಿಂಭಾಗದಲ್ಲಿರುವ ದೃಷ್ಟಿನರವನ್ನು ಮೆಲ್ಲಮೆಲ್ಲನೆ ಸವೆಸುತ್ತದೆ. ಆರೋಗ್ಯವಂತರ ಕಣ್ಣಿನ ಒತ್ತಡ ಸಾಮಾನ್ಯವಾಗಿ 10ರಿಂದ 21 ಮಿಲಿಮೀಟರು ಪಾದರಸದಷ್ಟು ಎಂದು ಲೆಕ್ಕ. ಆದರೆ 21 ಎಂಬುದು ಲಕ್ಷ್ಮಣರೇಖೆಯಲ್ಲ. 21ಕ್ಕಿಂತ ಕಡಿಮೆ ಇದ್ದರೂ ನರ ಸವೆಯುವವರಿದ್ದಾರೆ. 24 ಇದ್ದರೂ ಬಹುಕಾಲ ಏನೂ ಆಗದವರಿದ್ದಾರೆ. ಆದುದರಿಂದಲೇ ವೈದ್ಯರು ಒತ್ತಡವನ್ನಷ್ಟೇ ಅಳೆದು ಸುಮ್ಮನಾಗದೆ ನರವನ್ನು ನೋಡುತ್ತಾರೆ, ನೋಟದ ವಿಸ್ತಾರವನ್ನು ಯಂತ್ರದಲ್ಲಿ ಪರೀಕ್ಷಿಸುತ್ತಾರೆ.

ಸವೆದ ನರ ಮತ್ತೆ ಚಿಗುರುವುದಿಲ್ಲ. ಪೊರೆ ಬಂದ ಕಣ್ಣಿಗೂ ಗ್ಲಾಕೋಮಾ ಬಂದ ಕಣ್ಣಿಗೂ ಇರುವ ದೊಡ್ಡ ವ್ಯತ್ಯಾಸ ಇದು. ನೋವಿಲ್ಲ, ಕೆಂಪಿಲ್ಲ, ಓದುವಾಗ ಅಕ್ಷರ ಮಸುಕಾಗುವುದೂ ಇಲ್ಲ. ನೋಟದ ಅಂಚುಗಳು ಮೊದಲು ಅಳಿಯುತ್ತವೆ, ನಡುಭಾಗ ಕೊನೆಯವರೆಗೆ ಉಳಿಯುತ್ತದೆ. ನಮ್ಮ ಧರ್ಮಕೇಂದ್ರದ ಹಿರಿಯರೊಬ್ಬರು ಅನೇಕ ವರ್ಷ ಬಲಿಪೂಜೆಯಲ್ಲಿ ವಾಚನಗಳನ್ನು ಓದುತ್ತಿದ್ದರು. ಹೆಸರು ಬೇಡ. ಅವರಿಗೆ ಸಣ್ಣಕ್ಷರವೂ ಕಾಣುತ್ತಿತ್ತು. ಆದರೆ ಓದಿ ಮುಗಿಸಿ ಪೀಠದ ಮೆಟ್ಟಿಲಿಳಿಯುವಾಗ ಎಡವತೊಡಗಿದರು; ಪಕ್ಕದಲ್ಲಿ ನಿಂತವರಿಗೆ ತಗುಲತೊಡಗಿದರು. ವಯಸ್ಸಾಯಿತು ಎಂದುಕೊಂಡರು ಎಲ್ಲರೂ. ಪರೀಕ್ಷೆ ಮಾಡಿಸಿದಾಗ ಒಂದು ಕಣ್ಣಿನ ನೋಟ ಬಹುಮಟ್ಟಿಗೆ ಹೋಗಿತ್ತು. ಕೇಳಿದರೆ, ಮೂರು ವರ್ಷದ ಹಿಂದೆಯೇ ರೋಗವನ್ನು ಗುರುತಿಸಿ ಹನಿ ಔಷಧ ಕೊಟ್ಟಿದ್ದರಂತೆ. ಆರು ತಿಂಗಳು ಹಾಕಿಕೊಂಡಿದ್ದಾರೆ. ಆಮೇಲೆ ಒಮ್ಮೆ ಹೋದಾಗ "ಒತ್ತಡ 15 ಇದೆ, ಚೆನ್ನಾಗಿದೆ" ಎಂದರಂತೆ. ಚೆನ್ನಾಗಿದೆ ಎಂದ ಮೇಲೆ ಔಷಧವೇಕೆ ಎಂದು ನಿಲ್ಲಿಸಿದ್ದಾರೆ. ಆ 15 ಎಂಬ ಅಂಕೆ ಹನಿಯ ದುಡಿಮೆಯ ಫಲ ಎಂಬುದನ್ನು ಅವರಿಗೆ ಬಿಡಿಸಿ ಹೇಳುವವರಿರಲಿಲ್ಲ.

ಕಣ್ಣಿನ ಒತ್ತಡವು ದಿನವಿಡೀ ಒಂದೇ ಮಟ್ಟದಲ್ಲಿ ಇರುವುದಿಲ್ಲ. ಆರೋಗ್ಯವಂತರ ಕಣ್ಣಿನಲ್ಲಿಯೂ ಒಂದು ದಿನದೊಳಗೆ 3ರಿಂದ 6ರಷ್ಟು ಏರಿಳಿತ ಸಹಜ. ಚಿಕಿತ್ಸೆ ಪಡೆಯದ ಗ್ಲಾಕೋಮಾ ಕಣ್ಣಿನಲ್ಲಿ ಇದು 10ನ್ನೂ ಮೀರಬಹುದು. ಬೆಳಿಗ್ಗೆ 26, ಮಧ್ಯಾಹ್ನ 16 ಎಂಬಂತೆ. ರಾತ್ರಿಯಲ್ಲಿ ಕಣ್ಣಿನ ನೀರು ಹಗಲಿನ ಅರ್ಧದಷ್ಟೇ ಹುಟ್ಟುತ್ತದೆ. ಆದರೂ ರಾತ್ರಿಯ ಒತ್ತಡ ಹೆಚ್ಚು. ಇದು ವಿಚಿತ್ರವಾಗಿ ಕಾಣುತ್ತದೆ. ಕಾರಣವೇನೆಂದರೆ, ಅಡ್ಡ ಮಲಗಿದಾಗ ತಲೆಯ ಕಡೆಯ ರಕ್ತನಾಳಗಳಲ್ಲಿ ಒತ್ತಡ ಏರಿ ಕಣ್ಣಿನ ನೀರು ಹೊರಹೋಗುವುದಕ್ಕೆ ಎದುರೊತ್ತು ಬೀಳುತ್ತದೆ. ಹೀಗಾಗಿ ಬಹುಪಾಲು ರೋಗಿಗಳಲ್ಲಿ ಒತ್ತಡದ ಶಿಖರ ಇರುವುದು ನಡುರಾತ್ರಿಯಿಂದ ಬೆಳಗಿನ ಜಾವದವರೆಗೆ, ಆಸ್ಪತ್ರೆಯ ಬಾಗಿಲು ಮುಚ್ಚಿರುವ ಹೊತ್ತಿನಲ್ಲಿ.

ಇನ್ನು ನಮ್ಮ ಕಡೆಯ ಪರಿಸ್ಥಿತಿಯನ್ನು ನೋಡಿರಿ. ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣ ಇವು ಹಾಸನಕ್ಕೆ ಮೂವತ್ತು ನಲವತ್ತು ಕಿಲೋಮೀಟರಿನ ಆಸುಪಾಸಿನಲ್ಲಿವೆ. ಹಳ್ಳಿಯವರು ಹಾಲು ಹಾಕಿ, ದನಕರುಗಳಿಗೆ ಮೇವು ನೀರು ನೋಡಿ, ತಾಲ್ಲೂಕು ಕೇಂದ್ರಕ್ಕೆ ಬಂದು, ಅಲ್ಲಿಂದ ಹಾಸನದ ಬಸ್ಸು ಹಿಡಿದು ಇಳಿಯುವಾಗ ಹತ್ತು ಗಂಟೆ ದಾಟಿರುತ್ತದೆ. ಚೀಟಿ ಮಾಡಿಸಿ ಸಾಲಿನಲ್ಲಿ ನಿಂತು ವೈದ್ಯರ ಮುಂದೆ ಕೂರುವಾಗ ಹನ್ನೊಂದೋ ಹನ್ನೆರಡೋ. ಮೂರು ತಿಂಗಳಿಗೊಮ್ಮೆ ಹೋದರೂ ಅದೇ ಬಸ್ಸು, ಅದೇ ಸಾಲು, ಅದೇ ಹೊತ್ತು. ಐದು ವರ್ಷದ ಚೀಟಿಗಳನ್ನೆಲ್ಲ ಜೋಡಿಸಿದರೂ ಅವು ಹೇಳುವುದು ಹನ್ನೊಂದು ಗಂಟೆಯ ಕಥೆಯನ್ನು ಮಾತ್ರ. ಇದರಲ್ಲಿ ವೈದ್ಯರ ತಪ್ಪೂ ಇಲ್ಲ, ರೋಗಿಯ ತಪ್ಪೂ ಇಲ್ಲ. ಬಸ್ಸಿನ ವೇಳೆಯೇ ಹಾಗಿದೆ.

ಶೆಟ್ಟಿಹಳ್ಳಿಯ ಹಳೆಯ ಜಪಸರ ಮಾತೆಯ ದೇವಾಲಯವನ್ನು ನೀವೆಲ್ಲ ನೋಡಿದ್ದೀರಿ. ಹೇಮಾವತಿಗೆ ಗೊರೂರಿನಲ್ಲಿ ಅಣೆಕಟ್ಟೆಯಾದ ಮೇಲೆ ಅದು ಮಳೆಗಾಲದಲ್ಲಿ ನೀರಿನೊಳಗೆ, ಬೇಸಿಗೆಯಲ್ಲಿ ಒಣನೆಲದ ಮೇಲೆ. ಏಪ್ರಿಲ್ ತಿಂಗಳಿನಲ್ಲಿ ಮಾತ್ರ ಅಲ್ಲಿಗೆ ಹೋಗುವವನೊಬ್ಬ, "ನಾನು ಹತ್ತು ವರ್ಷದಿಂದ ನೋಡುತ್ತಿದ್ದೇನೆ, ಇಲ್ಲಿ ನೀರೇ ನಿಲ್ಲುವುದಿಲ್ಲ" ಎಂದು ಸಾಧಿಸಿದರೆ ಹೇಗೆ? ಗೋಡೆಗಳು ಶಿಥಿಲವಾದದ್ದು ಅವನು ನೋಡದ ತಿಂಗಳುಗಳಲ್ಲಿ.

ಇದಕ್ಕೆ ವೈದ್ಯರು ಕಂಡುಕೊಂಡ ಒಂದು ದಾರಿ ಎಂದರೆ ರೋಗಿಯನ್ನು ಒಂದು ದಿನ ಆಸ್ಪತ್ರೆಯಲ್ಲಿಯೇ ಇರಿಸಿಕೊಂಡು ಬೆಳಗಿನಿಂದ ಸಂಜೆಯವರೆಗೆ ಎರಡು ಮೂರು ಗಂಟೆಗೊಮ್ಮೆ ಒತ್ತಡ ಅಳೆಯುವುದು. ಮನೆಯಲ್ಲಿ ತಾವೇ ಅಳೆದುಕೊಳ್ಳುವ ಕೈಯಂತ್ರಗಳೂ, ಇಡೀ ದಿನ ಕಣ್ಣಿನ ಮೇಲೆಯೇ ಇದ್ದು ಏರಿಳಿತವನ್ನು ಗುರುತಿಸುವ ಮಸೂರಗಳೂ ಈಚಿನ ವರ್ಷಗಳಲ್ಲಿ ಹೊರದೇಶಗಳಲ್ಲಿ ಬಂದಿವೆ; ಬೆಲೆ ನಮ್ಮ ಜನರ ಕೈಗೆ ಎಟುಕುವಂಥದ್ದಲ್ಲ. ಆದರೆ ದುಡ್ಡಿಲ್ಲದೆ ಮಾಡಬಹುದಾದದ್ದೂ ಒಂದಿದೆ. ಮುಂದಿನ ಸಲ ಹೋಗುವಾಗ ಹಿಂದಿನ ದಿನವೇ ಹಾಸನದ ನೆಂಟರ ಮನೆಯಲ್ಲಿ ಉಳಿದು, ಬಾಗಿಲು ತೆಗೆಯುವ ಹೊತ್ತಿಗೆ ಆಸ್ಪತ್ರೆಯಲ್ಲಿರುವುದು. ಅದರ ಮುಂದಿನ ಸಲ ಮಧ್ಯಾಹ್ನದ ಮೇಲೆ ನೋಡುವ ವೈದ್ಯರಿದ್ದರೆ ಆಗ ಹೋಗುವುದು. ಚೀಟಿಯಲ್ಲಿ ಅಂಕೆಯ ಪಕ್ಕದಲ್ಲಿ ಗಂಟೆಯನ್ನೂ ಬರೆಸಿಕೊಳ್ಳುವುದು. ಗಂಟೆಯಿಲ್ಲದ ಅಂಕೆ ಅರ್ಧ ಅಂಕೆ.

ಬೇರೊಂದು ಬಗೆಯ ಏರಿಳಿತವಿದೆ. ಅದಕ್ಕೆ ಕಾರಣ ಕಣ್ಣಲ್ಲ, ನಾವೇ. ಆಸ್ಪತ್ರೆಗೆ ಹೋಗುವ ದಿನ ಹತ್ತಿರ ಬಂದಾಗ ಔಷಧದ ನೆನಪಾಗುತ್ತದೆ. ಎರಡು ದಿನ ತಪ್ಪದೆ ಹನಿ ಹಾಕಿಕೊಂಡು ಹೋಗುತ್ತಾರೆ. ಒತ್ತಡ ಕಡಿಮೆ ಬರುತ್ತದೆ. ವೈದ್ಯರು ಸಂತೋಷಪಡುತ್ತಾರೆ, ರೋಗಿಯೂ ಸಂತೋಷಪಡುತ್ತಾನೆ. ನರ ಮಾತ್ರ ಸವೆಯುತ್ತಲೇ ಇರುತ್ತದೆ. ಇದು ನಮ್ಮ ಹಳ್ಳಿಯವರ ದೌರ್ಬಲ್ಯವೆಂದು ಯಾರೂ ಮೂಗು ಮುರಿಯಬೇಕಾಗಿಲ್ಲ. ಅಮೆರಿಕದಲ್ಲಿ ಔಷಧದ ಸೀಸೆಯಲ್ಲಿಯೇ ಒಂದು ಗುರುತುಯಂತ್ರವನ್ನು ಅಡಗಿಸಿಟ್ಟು ರೋಗಿಗಳು ನಿಜವಾಗಿ ಎಷ್ಟು ಸಲ ಹನಿ ಹಾಕಿಕೊಳ್ಳುತ್ತಾರೆಂದು ಪರೀಕ್ಷಿಸಿದರು. ಆ ಅಧ್ಯಯನ 1986ರಲ್ಲಿ ಪ್ರಕಟವಾಯಿತು. ನೂರಕ್ಕೆ 97 ಸಲ ಹಾಕಿಕೊಂಡೆವೆಂದು ರೋಗಿಗಳು ಹೇಳಿದರು. ಯಂತ್ರ ತೋರಿಸಿದ್ದು 76. ವೈದ್ಯರ ಭೇಟಿಗೆ ಮುಂಚಿನ 24 ಗಂಟೆಗಳಲ್ಲಿ ಮಾತ್ರ ಎಲ್ಲರೂ ಶ್ರದ್ಧಾವಂತರಾಗಿದ್ದರು! ಪಾಪನಿವೇದನೆಯ ಪೀಠದಲ್ಲಿ ಕುಳಿತು ಅನುಭವವಿರುವ ನಮಗೆ ಇದು ಅಷ್ಟೇನೂ ಆಶ್ಚರ್ಯದ ಸಂಗತಿಯಾಗಿ ಕಾಣಲಿಲ್ಲ.

ಆಗಾಗ ಏರಿಳಿಯುವುದರಿಂದ ನಿಜವಾಗಿ ಎಷ್ಟು ಹಾನಿ? ಈ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಸರಾಸರಿ ಒತ್ತಡ ಎಷ್ಟು ಎಂಬುದೇ ಮುಖ್ಯ, ಏರಿಳಿತ ತಾನಾಗಿಯೇ ದೊಡ್ಡ ಅಪಾಯವಲ್ಲ ಎಂದು ಸ್ವೀಡನ್ ದೇಶದ ಒಂದು ದೀರ್ಘ ಅಧ್ಯಯನದವರು 2007ರಲ್ಲಿ ಹೇಳಿದರು. ಅದೇ ಅಧ್ಯಯನದಲ್ಲಿ, ಒತ್ತಡ ಒಂದೊಂದು ಮಿಲಿಮೀಟರು ಇಳಿದಂತೆ ರೋಗ ಮುಂದುವರಿಯುವ ಸಂಭವ ಸುಮಾರು ನೂರಕ್ಕೆ ಹತ್ತರಷ್ಟು ಕಡಿಮೆಯಾಗುತ್ತದೆಂದು ಕಂಡುಬಂದಿತ್ತು. ಇನ್ನೊಂದು ಕಡೆ, ಅಮೆರಿಕದಲ್ಲಿ ರೋಗ ಬಲಿತವರನ್ನು ಅನೇಕ ವರ್ಷ ಹಿಂಬಾಲಿಸಿದ ಅಧ್ಯಯನವೊಂದು 2000ದಲ್ಲಿ ಹೊರಬಂತು. ಹೋದ ಪ್ರತಿಯೊಂದು ಸಲವೂ ಒತ್ತಡ 18ಕ್ಕಿಂತ ಕೆಳಗೇ ಇದ್ದವರ ನೋಟ ಸರಾಸರಿಯಲ್ಲಿ ಹೆಚ್ಚುಕಡಿಮೆ ಹಾಗೆಯೇ ಉಳಿದಿತ್ತು. ಅರ್ಧದಷ್ಟು ಸಲವೂ 18ರ ಕೆಳಗೆ ಬಾರದವರ ನೋಟ ಕುಗ್ಗುತ್ತ ಹೋಗಿತ್ತು. ಪಂಡಿತರ ಚರ್ಚೆ ನಡೆಯಲಿ. ರೋಗಿಯಾದವನಿಗೆ ಎರಡರಿಂದಲೂ ದೊರೆಯುವ ಪಾಠದಲ್ಲಿ ಭೇದವಿಲ್ಲ: ಒಂದು ದಿನ ಇಳಿದದ್ದು ಲೆಕ್ಕಕ್ಕಿಲ್ಲ, ಪ್ರತಿದಿನ ಇಳಿದಿರಬೇಕು.

ಪ್ರತಿದಿನ ಎಂಬ ಈ ಮಾತು ನಮ್ಮ ಜನರಿಗೆ ಭಾರವಾಗಿ ಕಾಣುವುದಕ್ಕೆ ಚಾರಿತ್ರಿಕ ಕಾರಣಗಳೂ ಇವೆಯೆಂದು ನಮಗನ್ನಿಸುತ್ತದೆ. ದೊಡ್ಡಸ್ವಾಮಿಯವರೆಂದು ಜನರು ಕರೆಯುತ್ತಿದ್ದ ಫ್ರೆಂಚ್ ಗುರು ಆಬೆ ದುಬುವಾ ಅವರು ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಮೈಸೂರು ಸೀಮೆಯಲ್ಲಿ ಸಿಡುಬಿಗೆ ದೇವಿ ಹಾಕಿಸುವ ಕೆಲಸವನ್ನು ಕೈಗೊಂಡರು. ಚುಚ್ಚಿಸಿಕೊಂಡರೆ ಆಯಿತು, ಮತ್ತೆ ನಿತ್ಯ ಚಿಂತೆಯಿಲ್ಲ. 2005ರಲ್ಲಿ ದೈವಾಧೀನರಾದ ಡಾ. ಎಂ.ಸಿ. ಮೋದಿಯವರು ಊರೂರಿಗೆ ಹೋಗಿ ಸಾಮೂಹಿಕ ನೇತ್ರ ಶಿಬಿರಗಳಲ್ಲಿ ಲಕ್ಷಾಂತರ ಜನರ ಪೊರೆ ತೆಗೆದರು. ಅದೂ ಒಂದು ಸಲದ ಕೆಲಸ. ಕುರುಡನಾಗಿ ಹೋದವನು ಕಣ್ಣುಳ್ಳವನಾಗಿ ಮರಳಿದ. ಆ ಪುಣ್ಯಾತ್ಮರ ನೆನಪು ನಮ್ಮ ನಾಡಿನಲ್ಲಿ ಎಷ್ಟು ಗಾಢವಾಗಿದೆಯೆಂದರೆ, ಕಣ್ಣಿನ ಚಿಕಿತ್ಸೆ ಎಂದ ಕೂಡಲೇ ಶಿಬಿರ, ಶಸ್ತ್ರಚಿಕಿತ್ಸೆ, ಕನ್ನಡಕ, ಗುಣ ಎಂಬ ಕ್ರಮವೇ ಮನಸ್ಸಿಗೆ ಬರುತ್ತದೆ. ಗ್ಲಾಕೋಮಾ ಈ ಕ್ರಮಕ್ಕೆ ಒಗ್ಗುವುದಿಲ್ಲ. ಇಲ್ಲಿ ಔಷಧದಿಂದ ಹೊಸದಾಗಿ ಏನೂ ಕಾಣಿಸುವುದಿಲ್ಲ. ಇದ್ದದ್ದು ಉಳಿಯುತ್ತದೆ, ಅಷ್ಟೆ. ಉಳಿದದ್ದರ ಬೆಲೆ ನಮಗೆ ಬೇಗ ತಿಳಿಯುವುದಿಲ್ಲ.

ಹನಿಯ ಗೊಡವೆಯಿಲ್ಲದೆ ಒತ್ತಡ ಇಳಿಸುವ ಪ್ರಯತ್ನಗಳೂ ನಡೆದಿವೆ, ಅದರಲ್ಲಿ ದಕ್ಷಿಣ ಭಾರತಕ್ಕೆ ಒಂದು ಹಿರಿಮೆಯ ಸ್ಥಾನವಿದೆ. 1819ರಲ್ಲಿ ಸ್ಥಾಪನೆಯಾದ ಮದರಾಸಿನ ಸರ್ಕಾರಿ ಕಣ್ಣಿನ ಆಸ್ಪತ್ರೆಯ ಮುಖ್ಯಸ್ಥರಾಗಿದ್ದ ರಾಬರ್ಟ್ ಹೆನ್ರಿ ಎಲಿಯಟ್ ಎಂಬವರು 1909ರಲ್ಲಿ, ಕಪ್ಪುಗುಡ್ಡೆಯೂ ಬಿಳಿಗುಡ್ಡೆಯೂ ಕೂಡುವ ಅಂಚಿನಲ್ಲಿ ಸಣ್ಣ ದುಂಡನೆಯ ರಂಧ್ರವನ್ನು ಕೊರೆದು, ಮೇಲಿನ ಪೊರೆಯನ್ನು ಮುಚ್ಚಿ, ಕಣ್ಣಿನ ನೀರಿಗೆ ಹೊಸ ದಾರಿ ಮಾಡಿಕೊಡುವ ಶಸ್ತ್ರಕ್ರಿಯೆಯನ್ನು ಆರಂಭಿಸಿದರು. ದೂರದ ಹಳ್ಳಿಗಳಿಂದ ಬಂದು ಮತ್ತೆ ಯಾವಾಗ ಬರುವರೋ ಎಂಬಂಥ ರೋಗಿಗಳಿಗೆ ಅದರ ಉಪಯೋಗ ಎಷ್ಟೆಂದು ಊಹಿಸಬಹುದು. ಮದರಾಸಿನ ಆ ವಿಧಾನ ಪ್ರಪಂಚದ ಅನೇಕ ದೇಶಗಳಿಗೆ ಹರಡಿತು. 1968ರಲ್ಲಿ ಇಂಗ್ಲೆಂಡಿನ ಕೇರ್ನ್ಸ್ ಎಂಬ ವೈದ್ಯರು ಪ್ರಕಟಿಸಿದ ಸುಧಾರಿತ ವಿಧಾನ ಅದರ ಸ್ಥಾನಕ್ಕೆ ಬಂದಿತು. ಇಂದಿಗೂ ಬೇಕಾದವರಿಗೆ ಅದನ್ನೇ ಮಾಡುತ್ತಾರೆ. ಯಶಸ್ವಿಯಾದ ಶಸ್ತ್ರಚಿಕಿತ್ಸೆಯ ನಂತರ ಹಗಲು ರಾತ್ರಿಯ ಏರಿಳಿತ ಸಾಮಾನ್ಯವಾಗಿ ಹನಿ ಔಷಧದಲ್ಲಿರುವುದಕ್ಕಿಂತ ಕಡಿಮೆ. ಲೇಸರ್ ಚಿಕಿತ್ಸೆಯೂ ಇದೆ. ಯಾರಿಗೆ ಯಾವುದು ತಕ್ಕದ್ದು ಎಂಬುದನ್ನು ವೈದ್ಯರು ನಿರ್ಧರಿಸಬೇಕು. ಆದರೆ ಲೇಸರ್ ಆದವರೂ ಶಸ್ತ್ರಚಿಕಿತ್ಸೆ ಆದವರೂ ಒತ್ತಡ ಅಳೆಸುವುದನ್ನು ಬಿಡುವಂತಿಲ್ಲ. ತೆರೆದ ದಾರಿ ವರ್ಷಗಳ ನಂತರ ಮತ್ತೆ ಮುಚ್ಚಿಕೊಳ್ಳುವುದುಂಟು.

ನಮ್ಮ ನಿತ್ಯಜೀವನದಲ್ಲಿ ಒತ್ತಡವನ್ನು ಏರಿಸುವ ಸಂಗತಿಗಳು ಯಾವುವು ಎಂದು ಅನೇಕರು ಕೇಳಿದ್ದಾರೆ. ಗದ್ದೆಯಲ್ಲಿ ನಾಟಿ ಹಾಕುವಾಗ, ಆಲೂಗಡ್ಡೆ ಕೀಳುವಾಗ ಬಗ್ಗುವುದರಿಂದ ಒತ್ತಡ ಸ್ವಲ್ಪ ಏರುವುದು ನಿಜ, ನೆಟ್ಟಗಾದರೆ ಇಳಿಯುತ್ತದೆ. ಅದಕ್ಕಾಗಿ ಹೊಟ್ಟೆಪಾಡಿನ ಕೆಲಸ ಬಿಡಬೇಕೆಂದು ಯಾವ ವೈದ್ಯರೂ ಹೇಳಿದ್ದನ್ನು ನಾವು ಕೇಳಿಲ್ಲ. ಶೀರ್ಷಾಸನದ ವಿಷಯ ಬೇರೆ. ತಲೆಕೆಳಗಾಗಿ ನಿಂತಿರುವಷ್ಟು ಹೊತ್ತು ಕಣ್ಣಿನ ಒತ್ತಡ ಸುಮಾರು ಎರಡರಷ್ಟಾಗುತ್ತದೆಂದು ಚೆನ್ನೈನ ವೈದ್ಯರು 2006ರಲ್ಲಿ ಅಳೆದು ತೋರಿಸಿದ್ದಾರೆ. ಗ್ಲಾಕೋಮಾ ಇರುವವರಿಗೆ ಅದು ಸಲ್ಲದು. ಹಬ್ಬದ ಮೆರವಣಿಗೆಯಲ್ಲಿ ಬ್ಯಾಂಡ್‌ಸೆಟ್ಟಿನವರು ತುತ್ತೂರಿಯನ್ನು ಉಸಿರು ಬಿಗಿಹಿಡಿದು ಊದುವಾಗಲೂ ಒತ್ತಡ ಏರುತ್ತದೆ. ನಮ್ಮ ಬ್ಯಾಂಡಿನ ಹಿರಿಯ ವಾದ್ಯಗಾರರು ಒಮ್ಮೆ ಕಣ್ಣು ತೋರಿಸಿಕೊಳ್ಳುವುದು ಲೇಸು. ಒಂದೇ ಸಮನೆ ಲೀಟರುಗಟ್ಟಲೆ ನೀರು ಕುಡಿದರೂ ಒತ್ತಡ ಸ್ವಲ್ಪ ಹೊತ್ತು ಏರುತ್ತದೆ. ಬೆಳಿಗ್ಗೆ ಎದ್ದೊಡನೆ ಒಂದು ಚೊಂಬು ನೀರನ್ನು ಗಟಗಟನೆ ಕುಡಿದರೆ ಸರ್ವರೋಗ ಪರಿಹಾರ ಎಂದು ನಂಬಿರುವವರು, ಅದೇ ನೀರನ್ನು ಬಿಡಿಸಿ ಬಿಡಿಸಿ ಕುಡಿಯಲಿ.

ಇವೆಲ್ಲಕ್ಕಿಂತ ಮಿಗಿಲಾದ ಅಪಾಯ ಔಷಧದ ಅಂಗಡಿಯಲ್ಲಿದೆ. ಕಣ್ಣು ಕೆಂಪಾದರೆ, ತುರಿಸಿದರೆ ವೈದ್ಯರ ಚೀಟಿಯಿಲ್ಲದೆ ಕೊಳ್ಳುವ ಹನಿಗಳಲ್ಲಿ ಕೆಲವಕ್ಕೆ ಸ್ಟೀರಾಯ್ಡ್ ಬೆರೆತಿರುತ್ತದೆ. ಹಾಕಿದ ಎರಡೇ ದಿನಕ್ಕೆ ತುರಿಕೆ ಮಾಯವಾಗುವುದರಿಂದ ಜನರಿಗೆ ಅದು ಬಹು ಪ್ರಿಯ. ವಾರಗಟ್ಟಲೆ ಹಾಕಿಕೊಂಡರೆ ಅನೇಕರಲ್ಲಿ ಕಣ್ಣಿನ ಒತ್ತಡ ಏರುತ್ತದೆ. ಗ್ಲಾಕೋಮಾ ಇರುವವರಲ್ಲಿ ಇನ್ನೂ ಬೇಗ. ಬೇಸಿಗೆಯಲ್ಲಿ ಮಕ್ಕಳ ಕಣ್ಣು ತುರಿಸುವುದಕ್ಕೆ ಹೋದ ವರ್ಷದ ಸೀಸೆಯನ್ನೇ ಹುಡುಕಿ ಹಾಕುವ ತಾಯಂದಿರು ದಯವಿಟ್ಟು ಈ ಮಾತನ್ನು ನೆನಪಿನಲ್ಲಿಡಬೇಕು. ಮಕ್ಕಳೂ ಇದರಿಂದ ದೃಷ್ಟಿ ಕಳೆದುಕೊಂಡದ್ದುಂಟು.

ಹನಿ ಹಾಕಿಕೊಳ್ಳುವ ಕ್ರಮದ ಬಗ್ಗೆ ಎರಡು ಮಾತು. ಕೆಳರೆಪ್ಪೆಯನ್ನು ಸ್ವಲ್ಪ ಎಳೆದು ಒಂದೇ ಒಂದು ಹನಿ ಬಿಟ್ಟರೆ ಸಾಕು. ಎರಡನೆಯದು ಕೆನ್ನೆಗೆ ಹೋಗುತ್ತದೆ, ದುಡ್ಡೂ ಹೋಗುತ್ತದೆ. ಹಾಕಿದ ಮೇಲೆ ಕಣ್ಣು ಮುಚ್ಚಿ ಮೂಗಿನ ಪಕ್ಕದ ಮೂಲೆಯನ್ನು ಬೆರಳಿನಿಂದ ಎರಡು ನಿಮಿಷ ಒತ್ತಿ ಹಿಡಿಯಬೇಕು. ಇಲ್ಲದಿದ್ದರೆ ಔಷಧ ಮೂಗಿನೊಳಕ್ಕೆ ಇಳಿದು ರಕ್ತಕ್ಕೆ ಸೇರುತ್ತದೆ. ಎರಡು ಬಗೆಯ ಹನಿಗಳಿದ್ದರೆ ನಡುವೆ ಐದು ನಿಮಿಷ ಬಿಡಬೇಕು. ಟಿಮೊಲಾಲ್ ಎಂಬ ಔಷಧ ಅಗ್ಗವಾದದ್ದು, ಬಹುಕಾಲದಿಂದ ಬಳಕೆಯಲ್ಲಿರುವುದು. ಆದರೆ ಆಸ್ತಮಾ ಇರುವವರಿಗೆ, ನಾಡಿ ನಿಧಾನವಾಗಿರುವವರಿಗೆ ಅದು ತೊಂದರೆ ಕೊಡಬಹುದು. ಕಣ್ಣಿನ ವೈದ್ಯರಲ್ಲಿ ಉಬ್ಬಸದ ಮಾತೇಕೆ ಎಂದು ಸುಮ್ಮನಿರಬೇಡಿ, ಹೇಳಿ. ಈ ಔಷಧ ಹಗಲಿನಲ್ಲಿ ಚೆನ್ನಾಗಿ ಕೆಲಸ ಮಾಡಿದರೂ ನಿದ್ರೆಯ ಹೊತ್ತಿನಲ್ಲಿ ಅದರ ಬಲ ಕಡಿಮೆ. 1996ರಿಂದ ಈಚೆಗೆ ಬಂದ ಲಾಟಾನೊಪ್ರೋಸ್ಟ್ ಮುಂತಾದವು ದಿನಕ್ಕೆ ಒಮ್ಮೆ ರಾತ್ರಿ ಹಾಕುವಂಥವು. ಹಗಲು ರಾತ್ರಿ ಎರಡರಲ್ಲೂ ಒತ್ತಡವನ್ನು ಹಿಡಿದಿಡುತ್ತವೆ. ಒಬ್ಬರಿಗೆ ಬೆಳಿಗ್ಗೆ, ಇನ್ನೊಬ್ಬರಿಗೆ ರಾತ್ರಿ ಎಂದು ಬರೆದುಕೊಡುವುದಕ್ಕೆ ಇಂಥ ಕಾರಣಗಳಿವೆ. ನೆರೆಮನೆಯವರ ಸೀಸೆಯನ್ನು ನೋಡಿ ತಮ್ಮ ವೇಳೆಯನ್ನು ಬದಲಾಯಿಸಿಕೊಳ್ಳಬಾರದು.

ಅರಕಲಗೂಡು, ಹೊಳೆನರಸೀಪುರದ ಕಡೆ ಹೊಗೆಸೊಪ್ಪು ಬೆಳೆಯುವ ಮನೆಗಳಲ್ಲಿ ಸೊಪ್ಪು ಬೇಯಿಸುವ ದಿನಗಳಲ್ಲಿ ರಾತ್ರಿಯೆಲ್ಲ ಬ್ಯಾರನ್ನಿನ ಮುಂದೆ ಬೆಂಕಿ ಕಾಯುತ್ತಾರೆ. ಮಲಗುವ ವೇಳೆಯೇ ಇಲ್ಲದಿದ್ದಾಗ ಮಲಗುವಾಗ ಹಾಕುವ ಹನಿ ತಪ್ಪಿಹೋಗುತ್ತದೆ. ಅಂಥವರಿಗೆ ನಾವು ಹೇಳುವುದು ಇಷ್ಟೆ: ಹನಿಯನ್ನು ನಿದ್ರೆಗೆ ಕಟ್ಟಬೇಡಿ, ಸಂಜೆಯ ಜಪಸರಕ್ಕೆ ಕಟ್ಟಿ. ಮನೆಯವರೆಲ್ಲ ಕೂಡಿರುವ ಹೊತ್ತದು; ಒಬ್ಬರು ಮರೆತರೆ ಇನ್ನೊಬ್ಬರು ನೆನಪಿಸುತ್ತಾರೆ. ಕೈ ನಡುಗುವ ಅಜ್ಜಿಗೆ ಮೊಮ್ಮಗಳು ಹಾಕಿಕೊಡಬಹುದು.

ತಪಸ್ಸುಕಾಲದಲ್ಲಿ ಒಂದು ಪ್ರಶ್ನೆ ಪ್ರತಿವರ್ಷ ಬರುತ್ತದೆ. ಉಪವಾಸದ ದಿನ ಹನಿ ಹಾಕಿದರೆ ಗಂಟಲಲ್ಲಿ ಕಹಿ ಇಳಿಯುತ್ತದೆ, ಉಪವಾಸ ಮುರಿಯುತ್ತದೆಯೆ? ಮುರಿಯುವುದಿಲ್ಲ. ಔಷಧ ಆಹಾರವಲ್ಲ, ಪರಮಪ್ರಸಾದಕ್ಕೆ ಮುಂಚಿನ ಒಂದು ಗಂಟೆಯ ಉಪವಾಸಕ್ಕೂ ಔಷಧ ಅಡ್ಡಿಯಲ್ಲವೆಂದು ಧರ್ಮಸಭೆಯ ನಿಯಮವೇ ಇದೆ. ಸಂತ ಲೂಸಿಯಮ್ಮನವರಿಗೆ ಹರಕೆ ಹೊತ್ತು, ವಿಶ್ವಾಸದ ಗುರುತಾಗಿ ಔಷಧ ನಿಲ್ಲಿಸಿದವರೊಬ್ಬರ ವಿಷಯವೂ ನಮ್ಮ ಕಿವಿಗೆ ಬಿದ್ದಿದೆ. ಡಿಸೆಂಬರ್ 13ರಂದು ಆಕೆಯ ಹಬ್ಬದ ದಿನ ಕಣ್ಣಿಗಾಗಿ ಪ್ರಾರ್ಥಿಸುವುದು ಹಿರಿಯರಿಂದ ಬಂದ ಒಳ್ಳೆಯ ಪದ್ಧತಿ. ಆದರೆ ಔಷಧ ಬಿಡುವ ಹರಕೆಯನ್ನು ಯಾರೂ ಹೊರಬಾರದು; ಹೊತ್ತಿದ್ದರೆ ಅದನ್ನು ಬಿಡಿಸುವ ಅಧಿಕಾರ ಗುರುವಿಗಿದೆ, ನಮ್ಮ ಬಳಿಗೆ ಬನ್ನಿ.

ಇದುವರೆಗೆ ಹೇಳಿದ್ದು ಸದ್ದಿಲ್ಲದೆ ಬರುವ ಗ್ಲಾಕೋಮಾವನ್ನು ಕುರಿತು. ಇನ್ನೊಂದು ಬಗೆಯಿದೆ. ನೀರು ಹೊರಹೋಗುವ ದಾರಿ ಥಟ್ಟನೆ ಮುಚ್ಚಿಕೊಂಡು ಒತ್ತಡ ಒಮ್ಮೆಗೇ ಐವತ್ತು ಅರವತ್ತಕ್ಕೆ ಏರಬಹುದು. ಹೆಚ್ಚಾಗಿ ಮಬ್ಬುಬೆಳಕಿನಲ್ಲಿ, ಸಂಜೆಯ ಮೇಲೆ. ಕಣ್ಣು ಕೆಂಪಾಗಿ, ತಡೆಯಲಾರದ ನೋವು, ಅದೇ ಕಡೆಯ ತಲೆನೋವು, ವಾಂತಿ, ದೀಪದ ಸುತ್ತ ಬಣ್ಣದ ಬಳೆಗಳು ಕಾಣುತ್ತವೆ. ಪಿತ್ತ ಕೆರಳಿದೆ ಎಂದು ನಿಂಬೆಹಣ್ಣಿನ ಪಾನಕ ಕುಡಿಸಿ ಮಲಗಿಸಿದರೆ ಬೆಳಗಾಗುವಷ್ಟರಲ್ಲಿ ನೋಟ ಹೋಗಿರಬಹುದು. ಆ ರಾತ್ರಿಯೇ ಹೊರಡಬೇಕು. ಹಾಸನದಲ್ಲಿ 2006ರಿಂದ ವೈದ್ಯಕೀಯ ಮಹಾವಿದ್ಯಾಲಯವೂ ಅದರ ಆಸ್ಪತ್ರೆಯೂ ಇದೆ. ಬೆಂಗಳೂರಿನವರೆಗೆ ಓಡಬೇಕಾದ ಕಾಲ ಇದಲ್ಲ.

ತಮಿಳುನಾಡಿನ ಹಳ್ಳಿಗಳಲ್ಲಿ ಅರವಿಂದ ಕಣ್ಣಿನ ಆಸ್ಪತ್ರ್ರೆಯವರು ನಡೆಸಿ 2003ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ಗ್ಲಾಕೋಮಾ ಇದ್ದವರ ಪೈಕಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿಗೆ ತಮಗೆ ರೋಗವಿದೆಯೆಂಬುದೇ ತಿಳಿದಿರಲಿಲ್ಲ. ನಮ್ಮ ತಾಲ್ಲೂಕುಗಳಲ್ಲಿ ಸ್ಥಿತಿ ಬಹಳ ಬೇರೆಯಾಗಿರಲಾರದು. ಈ ರೋಗ ಕುಟುಂಬದಲ್ಲಿ ಹರಿದು ಬರುವಂಥದ್ದು. ಒಬ್ಬರಿಗೆ ಇದ್ದರೆ ಒಡಹುಟ್ಟಿದವರಿಗೂ ಮಕ್ಕಳಿಗೂ ಬರುವ ಸಂಭವ ಇತರರಿಗಿಂತ ಹಲವು ಪಟ್ಟು ಹೆಚ್ಚು. ಆದುದರಿಂದ ಚಿಕಿತ್ಸೆಯಲ್ಲಿರುವ ಪ್ರತಿಯೊಬ್ಬರೂ ತಮ್ಮ ಅಣ್ಣತಮ್ಮಂದಿರು, ಅಕ್ಕತಂಗಿಯರಲ್ಲಿ ನಲವತ್ತು ದಾಟಿದವರನ್ನು ಕರೆತರಬೇಕೆಂದು ಕೇಳಿಕೊಳ್ಳುತ್ತೇವೆ. ಮದುವೆಯಾಗಿ ಚನ್ನರಾಯಪಟ್ಟಣದ ಕಡೆಗೋ ಅರಕಲಗೂಡಿನ ಕಡೆಗೋ ಹೋಗಿರುವ ಹೆಣ್ಣುಮಕ್ಕಳಿಗೆ ಮರೆಯದೆ ಫೋನು ಮಾಡಿ ತಿಳಿಸಿರಿ. ಗಂಡನ ಮನೆಯಲ್ಲಿ ಅವರ ಕಣ್ಣಿನ ಸುದ್ದಿಯನ್ನು ಕೇಳುವವರು ಕಡಿಮೆ.

ಗುರುನಿವಾಸದಲ್ಲಿ ಒಂದು ಪುಸ್ತಕ ಇಡಿಸಿದ್ದೇವೆ. ಹನಿ ಹಾಕಿಕೊಳ್ಳುತ್ತಿರುವವರು ಪ್ರತಿಸಲ ಆಸ್ಪತ್ರೆಯಿಂದ ಬಂದ ಮೇಲೆ ತಾರೀಖು, ಅಳೆದ ಗಂಟೆ, ಎರಡು ಕಣ್ಣಿನ ಅಂಕೆ, ಆ ದಿನ ಹನಿ ಹಾಕಿದ್ದ ವೇಳೆ ಇವಿಷ್ಟನ್ನು ಬರೆಸಬೇಕು. ಬರೆಯಲು ಬಾರದವರಿಗೆ ಉಪದೇಶಿಗಳು ಬರೆದುಕೊಡುತ್ತಾರೆ. ಮುಂದಿನ ಭೇಟಿಗೆ ಹೋಗುವಾಗ ಆ ಪುಟದ ಪ್ರತಿ ಮಾಡಿಸಿ ನಿಮ್ಮ ಕೈಗೆ ಕೊಡುವ ಏರ್ಪಾಡು ಆಗಿದೆ. ಬೆಳಗಿನ ಜಾವವೇ ಹಾಸನ ಮುಟ್ಟಬೇಕೆನ್ನುವವರು ನಾಲ್ಕು ಮಂದಿ ಸೇರಿದರೆ ಒಂದು ವಾಹನ ಗೊತ್ತುಮಾಡೋಣ. ಹೆಸರು ಕೊಡುವವರು ಭಾನುವಾರ ಎರಡನೆಯ ಬಲಿಪೂಜೆಯ ನಂತರ ಜಗಲಿಗೆ ಬರಬಹುದು.